ಸೂರ್ಯಾಸ್ತದ ಅಲಾರಂ

ತಿರುಗಾಡಲು ಬಂದಿದ್ದ ಪನ್ಹಾಳಗಡ ಕೋಟೆಯ ಕಟ್ಟೆಯ ಮೇಲೆ ಮಾಣಿಕಬಾಯಿ ಬುತ್ತಿ ಬಿಚ್ಚುವಷ್ಟರಲ್ಲಿ ಮೊಬೈಲಿನ ಅಲಾರಂ ಬಡಿಯಿತು. ಸೂರ್ಯ ಮುಳುಗಲು ಇನ್ನು ಹತ್ತೇ ನಿಮಿಷ. ಆಮೇಲೆ ಅವರ ಜೈನ ಮನೆತನದಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ.

"ಲಗೂನ ಉಣ್ಣು," ಎಂದ ಗಂಡ ಕುಂಥುನಾಥ. ಅವನ ಬಾಯಲ್ಲಿ ಆಗಲೇ ರೊಟ್ಟಿಯಿತ್ತು.

ರೊಟ್ಟಿ ಮುರಿದವಳು ತಲೆಯೆತ್ತಿದಳು. ಇಚಲಕರಂಜಿಯ ಮನೆಯಲ್ಲಿ ಈ ಹೊತ್ತೆಂದರೆ ಎಲ್ಲರಿಗೂ ಬಡಿಸಿ, ತಾನೂ ಗಬಗಬನೆ ಉಂಡು, ಒಲೆ ಒರೆಸುವ ಹೊತ್ತು. ಮೊಮ್ಮಕ್ಕಳಾದರೂ ಅವಳು ಸೂರ್ಯ ಮುಳುಗುವುದನ್ನು ಕೂತು ನೋಡಿರಲಿಲ್ಲ. ಈಗ ಅವನು ಕೆಂಪಗೆ, ಸಾವಕಾಶವಾಗಿ ಗುಡ್ಡದ ಹಿಂದೆ ಇಳಿಯುತ್ತಿದ್ದ.

ಪೂರ್ತಿ ಇಳಿದ ಮೇಲೆ, ಕೈಯಲ್ಲೇ ಉಳಿದಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಉಪಾಸ ಉಳದಿ ನೋಡ," ಎಂದ ಕುಂಥುನಾಥ.

ಮಾಣಿಕಬಾಯಿ ಮೊಬೈಲನ್ನು ಅವನ ಕೈಗೆ ಕೊಟ್ಟಳು. "ಇದು ಅರ್ಧಾ ತಾಸ ಮೊದಲ ಬಡ್ಯೂಹಂಗ ಇಡ್ರಿ. ನಾಳೆ ಉಂಡ ಮನಿ ಮಾಳಿಗಿ ಹತ್ತೂಣು."