ಸಾಮಿಯಾ ತೋರಿಸಿದ ಜೋಡಿ

“ಯಾವ ಜೋಡಿ ಕೊಟ್ಟರೂ ಉತ್ತರ ಸರಿಯಾಗೇ ಬರುತ್ತೆ. ಬೇಕಾದ್ರೆ ಸಾಮಿಯಾನ ಕೇಳಿ, ಟೆಸ್ಟ್ ಮಾಡಿರೋದೇ ಅವರು,” ಎಂದು ಪ್ರೊಫೆಸರ್ ಜಯಸಿಂಹ ವೇದಿಕೆಯಿಂದ ಕೈ ತೋರಿಸಿದಾಗ ಬೆನ್ಸನ್ ಟೌನಿನ ಆ ಕಾಲೇಜಿನ ಸಭಾಂಗಣವೆಲ್ಲ ಅವಳ ಕಡೆ ತಿರುಗಿತು. ಅವರ ಸಂಶೋಧನಾ ವಿದ್ಯಾರ್ಥಿನಿ ಸಾಮಿಯಾಳ ಕಿವಿ ಬಿಸಿಯಾಯಿತು.

ಗಣಿತದಲ್ಲಿ ಗ್ರೂಪ್ ಎನ್ನುವ ಎರಡು ರಚನೆಗಳು ಒಳಗಿನಿಂದ ಒಂದೇ ಹೌದೋ ಅಲ್ಲವೋ ಎಂದು ಕಂಪ್ಯೂಟರಿನಿಂದ ಬೇಗ ಕಂಡುಹಿಡಿಯುವ ವಿಧಾನವೊಂದನ್ನು ಅವರು ಮಂಡಿಸುತ್ತಿದ್ದರು. ಪ್ರಶಸ್ತಿಗೆ ಸ್ಪರ್ಧಿಸುತ್ತಿದ್ದ ಆ ಪ್ರಬಂಧದಲ್ಲಿ ಇಬ್ಬರ ಹೆಸರೂ ಇತ್ತು. ಹಿಂದಿನ ದಿನವೇ ಅವಳು ಆ ವಿಧಾನ ಎಡವುವ ಒಂದು ಜೋಡಿಯನ್ನು ಅವರ ಮುಂದಿಟ್ಟಿದ್ದಳು. “ಪ್ರಶಸ್ತಿ ಬರಲಿ ಬಿಡಮ್ಮ, ಆಮೇಲೆ ನೋಡ್ಕೊಳ್ಳೋಣ,” ಎಂದಿದ್ದರು. ಅವಳು ಹೇಗೋ ಸಿಟ್ಟು ನುಂಗಿಕೊಂಡಿದ್ದಳು. ಈಗ ಆ ಸುಳ್ಳನ್ನು ಅವಳ ಬಾಯಿಂದಲೇ ಹೇಳಿಸಲು ಹೊರಟಿದ್ದರು.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ವೇದಿಕೆ ಹತ್ತಿದಳು. ಅವರ ಕಂಪ್ಯೂಟರಿಗಿದ್ದ ಪ್ರೊಜೆಕ್ಟರಿನ ವೈರ್ ಕಿತ್ತು ತನ್ನದಕ್ಕೆ ಸಿಕ್ಕಿಸಿದಳು, ಆ ಜೋಡಿಯನ್ನು ಪ್ರೋಗ್ರಾಮಿಗೆ ಕೊಟ್ಟಳು. ಎರಡೂ ಒಂದೇ ಎಂಬ ಉತ್ತರ ಪರದೆಯ ಮೇಲೆ ಮೂಡಿತು.

“ಇವೆರಡೂ ಬೇರೆ ಬೇರೆ. ಕೋಡ್ ನಮ್ಮ ವಿಧಾನದ ಪ್ರಕಾರವೇ ನಡೀತಿದೆ, ತಪ್ಪಿರೋದು ಆ ವಿಧಾನ ಯಾವಾಗ್ಲೂ ಸರಿ ಅನ್ನೋ ನಮ್ಮ ಪ್ರೂಫಲ್ಲಿ,” ಎಂದಳು.

“ಇದನ್ನ ನನ್ನ ರೂಮಲ್ಲಿ ಮಾತಾಡಬಹುದಿತ್ತಲ್ಲಮ್ಮ.” ಜಯಸಿಂಹರ ಪಿಸುಮಾತು ಮೈಕಿಗೆ ಸಿಕ್ಕಿಬಿಟ್ಟಿತು.

“ನಿನ್ನೆ ಅಲ್ಲೇ ಮಾತಾಡಿದ್ನಲ್ಲ ಸರ್. ನನ್ನ ಹೆಸರು ಎಳೀದೇ ಇದ್ದಿದ್ರೆ ಇವತ್ತೂ ಸುಮ್ಮನೆ ಇರ್ತಿದ್ನೇನೋ, ಅದಕ್ಕೇ ನನ್ನ ಮೇಲೂ ಸಿಟ್ಟು ಬರ್ತಿದೆ. ಪೇಪರ್ ವಾಪಸ್ ತಗೊಳ್ಳೋಣ.”

ಅವರು ಪ್ರೊಜೆಕ್ಟರ್ ಆರಿಸಲು ಕೈ ಚಾಚಿದರು. ಮುಂದಿನ ಸಾಲಿನಿಂದ ಪ್ರಶಸ್ತಿ ಸಮಿತಿಯ ಹಿರಿಯರೊಬ್ಬರು ಎದ್ದು ನಿಂತರು.

“ನೀವು ಕೂತ್ಕೊಳ್ಳಿ ಜಯಸಿಂಹ. ಅವರು ಹೇಳಲಿ.”