ಮೂರನೇ ಕಾಲು

ಭರಮವ್ವನ ಎಡಗೈ ಐದು ತಿಂಗಳ ಮೇಲೆ ಮೊದಲ ಸಲ ಝುಮ್ಮೆಂದದ್ದು ಆಸ್ಪತ್ರೆಯಲ್ಲಲ್ಲ, ಮಗ ಗಜಾನನ ಗೋಕಾಕದಲ್ಲಿ ಹಳೆಯದನ್ನು ಕೊಂಡು ಬೆಲ್ಲದ ಬಾಗೇವಾಡಿಯ ಮನೆಗೆ ಹೊತ್ತು ತಂದಿದ್ದ ಸ್ಟೀಲಿನ ಆಂಪ್ಲಿಫೈಯರಿನ ಮೇಲೆ. ಹಾಡು ತುಸು ಸಣ್ಣಗೆ ಮಾಡೆಂದು ಸೊಸೆಯನ್ನು ಕೂಗಿ ಕೂಗಿ ಸಾಕಾಗಿ ಆಕೆ ತಾನೇ ಎದ್ದು ಬಂದಿದ್ದಳು. ಬಲಗೈಯಲ್ಲಿ ಕೋಲು. ಹಾಗಾಗಿ ಲಕ್ವಾ ಹೊಡೆದ ಎಡಗೈಯನ್ನೇ ಆ ಸ್ಟೀಲಿನ ಡಬ್ಬಿಯ ಮೇಲೆ ಒಗೆದಳು. ಆ ತೋಳು ಎತ್ತಿದರೆ ಏಳುತ್ತಿತ್ತು, ಬೆರಳುಗಳಿಗೆ ಮಾತ್ರ ಲೋಕದ ಸುದ್ದಿ ತಲುಪುತ್ತಿರಲಿಲ್ಲ.

“ಗಜ್ಯಾ, ಝುಮ್ ಅನ್ನಾಕತೈತೋ. ನನ್ನ ಕೈಗಿ ಜೀವಾ ಬಂತು.”

ಗಜಾನನ ಓಡಿ ಬಂದು ತಾನೂ ಡಬ್ಬಿ ಮುಟ್ಟಿದ. ಅವನಿಗೂ ಝುಮ್ಮೆಂದಿತು. ಅವನಿಗೆ ಯಾವ ಲಕ್ವಾವೂ ಹೊಡೆದಿರಲಿಲ್ಲ.

ನಾಲಿಗೆಗೆ ಬಂದದ್ದನ್ನು ನುಂಗಿಕೊಂಡ. ಹಾಗೆ ನೋಡಿದರೆ ಅದು ನುಂಗುವ ಬಾಯಿಯೇ ಅಲ್ಲ. ಹುಕ್ಕೇರಿ ಬಸ್ಸಿನ ಕಂಡಕ್ಟರು, ಘಟಪ್ರಭಾ ಸ್ಟೇಶನ್ನಿನಲ್ಲಿ ಗಾಡಿ ಬರುವುದನ್ನು ಸಾರುವ ಹೆಂಗಸು, ಸೊಸೈಟಿಯ ಸೆಕ್ರೆಟರಿ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಅವ್ವನನ್ನು ನೋಡುವ ಡಾಕ್ಟರಂತೂ ಅಲ್ಲಿ ಸ್ವಂತ ಮನೆಯನ್ನೇ ಕಟ್ಟಿಸಿಕೊಂಡಿದ್ದರು. ಮೂಗಿನಲ್ಲಿ ರಾಗ ಎಳೆದು, “ಕಣ್ಣ ಮುಚ್ರಿ ಅಜ್ಜೀ. ಚಮಚಾ ತಣ್ಣಗ ಐತೋ, ಬೆಚ್ಚಗ ಐತೋ?” ಎಂದು ಅವನು ಶುರು ಮಾಡಿದರೆ ಭರಮವ್ವ ಕೆಮ್ಮು ಬರುವಷ್ಟು ನಗುತ್ತಿದ್ದಳು. ಆದರೆ ಆಸ್ಪತ್ರೆಯಲ್ಲಿ ಆಕೆ ಕೊಡುತ್ತಿದ್ದ ಉತ್ತರ ನಗುವಂಥದ್ದಲ್ಲ. ಚಮಚ ಇಟ್ಟೀರೇನ್ರಿ ಎಂದು ಡಾಕ್ಟರನ್ನೇ ಕೇಳುತ್ತಿದ್ದಳು. ಚಮಚ ತಿಳಿದ ದಿನ ರೊಟ್ಟಿ ಬಡಿಯುವ ಮಾತು ಆಡೋಣ, ಅಲ್ಲಿಯವರೆಗೆ ಹಂಚಿನ ಹತ್ತಿರ ಸುಳಿಯಬೇಡಿ, ಗೊತ್ತಾಗದೆ ಕೈ ಸುಟ್ಟುಕೊಂಡೀರಿ ಎಂದಿದ್ದರು ಅವರು. ನಲವತ್ತು ವರ್ಷ ಬಡಿದ ಕೈ ಅದು. ಸೊಸೆಯ ರೊಟ್ಟಿಯ ಸಪ್ಪಳ ಕೇಳಿದಾಗೆಲ್ಲ ಭರಮವ್ವ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಝುಮ್ಮೆಂದ ದಿನದಿಂದ ಮುಖ ಈ ಕಡೆ ತಿರುಗಿತು. ಬೆಳಿಗ್ಗೆ ಎದ್ದರೆ ಕಣ್ಣು ಮುಚ್ಚಿ ಡಬ್ಬಿಯ ಮೇಲೆ ಕೈ ಇಡುವುದು, ಝುಮ್ಮೆನಿಸಿಕೊಳ್ಳುವುದು, ಆಮೇಲೆ ಗೂಡಿನಲ್ಲಿ ಧೂಳು ತಿನ್ನುತ್ತಿದ್ದ ಆಸ್ಪತ್ರೆಯ ರಬ್ಬರ್ ಚೆಂಡನ್ನು ನೂರು ಸಲ ಹಿಸುಕುವುದು. ನೂರರ ಜಾಗದಲ್ಲಿ ಇನ್ನೂರಾಯಿತು. ಗಜಾನನನಿಗೆ ಹೇಳಲೂ ಆಗದು, ಬಿಡಲೂ ಆಗದು. ಡಬ್ಬಿಯ ಮುಂದೆ ರಬ್ಬರಿನ ಚಾಪೆ ಹಾಸಿದ. ಝುಮ್ಮು ಕಡಿಮೆಯಾಯಿತೆಂದು ಅವ್ವ ಅದನ್ನು ಕೋಲಿನಿಂದಲೇ ಬದಿಗೆ ಸರಿಸಿದಳು.

ಎಲ್ಲ ಗೊತ್ತಿದ್ದ ಹೆಂಡತಿ ಮೇಘಾ ಅವನನ್ನು ಬಚ್ಚಲ ಹತ್ತಿರ ತಡೆದು ನಿಲ್ಲಿಸಿದಳು. ಡಬ್ಬಿ ತಂದ ದಿನ ಗೋಡೆಯ ಬೋರ್ಡಿಗೆ ಎರಡೇ ತೂತಿದ್ದವೆಂದು ಮೂರು ಕಾಲಿನ ಪ್ಲಗ್ಗಿನ ಅರ್ಥಿಂಗಿನ ದಪ್ಪ ಕಾಲನ್ನು ಇಕ್ಕಳದಿಂದ ಮುರಿದು, ಹೆಂಗ ಕುಂತಿತು ನೋಡು ಎಂದು ಮೀಸೆ ತಿರುವಿದ್ದವನು ಇವನೇ.

“ನಿಮ್ಮವ್ವ ಮೂರ ಕಾಲಿನ ಮ್ಯಾಲ ನಡೀತಾರ,” ಎಂದಳು ಮೇಘಾ. “ನೀವು ಅದರ ಮೂರನೇ ಕಾಲ ಮುರದ ಕುಂತೀರಿ. ಒಂದಿನ ಇಬ್ಬರೂ ಕೂಡಿ ಬೀಳ್ತಾರ.”

ಇಪ್ಪತ್ತನೆಯ ದಿನ ಹಾಗೆಯೇ ಆಯಿತು. ಜಳಕ ಮುಗಿಸಿ ಹಸಿ ಕಾಲು, ಹಸಿ ಕೈಯಲ್ಲೇ ಬಂದ ಭರಮವ್ವನಿಗೆ ಡಬ್ಬಿ ಜಾಡಿಸಿತು. ಕೋಲು ಒಂದು ಕಡೆ, ಆಕೆ ಒಂದು ಕಡೆ. ಬಿದ್ದಲ್ಲಿಂದಲೇ, ಇವತ್ತ ಜೋರ್ ಬಂತು ಎಂದು ಆಕೆ ನಗುತ್ತಿದ್ದರೆ ಗಜಾನನ ಓಡಿ ಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತ.

ಮಧ್ಯಾಹ್ನವೇ ವಾಯರಮನ್ ಪರಪ್ಪ ಬಂದ. ಡಬ್ಬಿಯ ಒಳಗೆ ಚರ್ಮ ಸುಲಿದಿದ್ದ ವಾಯರನ್ನೂ ಕಾಲು ಮುರಿದ ಪ್ಲಗ್ಗನ್ನೂ ಬದಲಿಸಿದ. ಬಟ್ಟೆ ಒಗೆಯುವ ಕಲ್ಲಿನ ಬಾಜೂ ಗುಂಡಿ ತೋಡಿಸಿ, ಇದ್ದಲಿ, ಉಪ್ಪು ಸುರಿದು, ಪೈಪು ಹುಗಿದು, ಅಲ್ಲಿಂದ ಗೋಡೆಯ ಹೊಸ ಮೂರು ತೂತಿನ ಬೋರ್ಡಿಗೆ, ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಎಳೆದ. ಕಟ್ಟೆಯ ಮೇಲೆ ಚೆಂಡು ಹಿಸುಕುತ್ತ ಕೂತಿದ್ದ ಭರಮವ್ವ, ಇದೆಲ್ಲ ಯಾಕೆ ಎಂದು ಕೇಳಿದಳು. ಗಜಾನನ ಗಂಟಲಲ್ಲಿ ಹುಡುಕಿದ. ಬಾಡಿಗೆಯವರು ಯಾರೂ ಬಾಗಿಲು ತೆಗೆಯಲಿಲ್ಲ. ತನ್ನ ದನಿಯಲ್ಲೇ ಹೇಳಬೇಕಾಯಿತು.

“ಅವ್ವಾ, ಅದು ನಿನ್ನ ಕೈಯಾಗಿನ ಜೀವ ಅಲ್ಲ. ಡಬ್ಬ್ಯಾಗಿನ ಕರೆಂಟ್ ಹೊರಗ ಬರಾಕತ್ತಿತ್ತು. ನನಗೂ ಝುಮ್ ಅಂದಿತ್ತು.”

“ನಿನಗ ಯಾವಾಗಿಂದ ಗೊತ್ತು?”

“ಮೊದಲ್ನೇ ದಿನದಿಂದ.”

ಭರಮವ್ವ ಚೆಂಡನ್ನು ಕೆಳಗಿಟ್ಟಳು. ಅದು ಉರುಳಿ ಅಂಗಳಕ್ಕೆ ಬಿತ್ತು. ರಾತ್ರಿ ಊಟಕ್ಕೆ ಕರೆದರೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಆದರೂ ಮರುದಿನ ಬೆಳಿಗ್ಗೆ ಕೋಲಿನ ಸಪ್ಪಳ ಡಬ್ಬಿಯವರೆಗೆ ಬಂತು. ಮೈ ಕೊರೆಯುವ ಚಳಿ. ಮೇಘಾ ಸ್ವಿಚ್ ಒತ್ತಿದಳು, ಹಾಡು ಶುರುವಾಯಿತು. ಭರಮವ್ವ ದಿನದಂತೆ ಕಣ್ಣು ಮುಚ್ಚಿ ಎಡಗೈಯನ್ನು ಸ್ಟೀಲಿನ ಮೇಲೆ ಇಟ್ಟಳು. ಇಟ್ಟೇ ನಿಂತಳು. ಬಾಗಿಲಲ್ಲಿದ್ದ ಗಜಾನನನಿಗೆ ಆ ಮುಖ ನೋಡಲಾಗಲಿಲ್ಲ.

“ಹೋತು,” ಎಂದಳು ಕಣ್ಣು ತೆರೆಯದೆ. “ಝುಮ್ಮೂ ಇಲ್ಲ, ಗಿಮ್ಮೂ ಇಲ್ಲ. ನಿಮ್ಮ ಪರಪ್ಪ ಇದರ ಜೀವಾನ ತಗದಾನ. ಹೊಳಿ ಕಲ್ಲ ಇದ್ದಂಗ ತಣ್ಣಗ ಬಿದ್ದೈತಿ.”

ಮೇಘಾ ಹಾಡನ್ನು ನಿಲ್ಲಿಸಿದಳು. ಗಜಾನನ ಎರಡು ಹೆಜ್ಜೆ ಮುಂದೆ ಬಂದ. ಡಾಕ್ಟರ ಮೂಗಿನ ರಾಗವನ್ನೇ ಹಿಡಿಯಲು ಹೋದ, ರಾಗ ನಡುವೆಯೇ ಒಡೆಯಿತು.

“ಇನ್ನೊಮ್ಮೆ ಹೇಳ್ರಿ ಅಜ್ಜೀ. ತಣ್ಣಗ ಐತೋ, ಬೆಚ್ಚಗ ಐತೋ?”

“ತಣ್ಣಗ ಅಂತ ಹೇಳಿದ್ನಲ್ಲೋ. ನಿನ್ನ ಕಿವಿಗಿ ಲಕ್ವಾ ಹೊಡದೈತೇನ?” ಎಂದು ಗದರಿದ ಭರಮವ್ವ, ಕಣ್ಣು ತೆರೆದು, ಸ್ಟೀಲಿನ ಮೇಲಿದ್ದ ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು.