ಮುಂಡರಗಿಯ ಹದಿನಾಲ್ಕು ರೇಸುಪ್ರೇಮಿಗಳು

ಮುಂಡರಗಿಯ ಹತ್ತಿ ಮಿಲ್ಲಿನಲ್ಲಿ ಕಾವೇರಿಯ ಬಲಗೈಯ ಮೂರು ಬೆರಳು ಯಂತ್ರಕ್ಕೆ ಸಿಕ್ಕು ಹೋದವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ ಎಂದರು ಮಾಲೀಕರು. ಮರುದಿನ ಆ ಯಂತ್ರದ ಮುಂದೆ ಬೇರೊಬ್ಬಳು ನಿಂತಿದ್ದಳು.

ಇದಾದ ಎರಡು ತಿಂಗಳಿಗೆ ಈಶಪ್ಪ ಗದಗಿನಿಂದ ಬೈಕು ಹತ್ತಿ ಮುಂಡರಗಿಗೆ ಹೊರಟ. ಬೆರಳಿನ ಸಂಗತಿಗಲ್ಲ. ಅದಕ್ಕಿಂತ ಘನವಾದ ಸಂಗತಿಗೆ: ಕಾರು ರೇಸು.

ಯಾರು ಯಾವ ಚಾನೆಲ್ ನೋಡುತ್ತಾರೆಂದು ಎಣಿಸುವ ಮುಂಬಯಿ ಕಂಪನಿಯ ಆಳು ಅವನು. ಕಂಪನಿ ಚೀಟಿ ಎತ್ತಿದ ಮನೆಗಳ ಟೀವಿಗೆ ಒಂದು ಪೆಟ್ಟಿಗೆ ಕೂರಿಸುತ್ತಿದ್ದ. ನೋಡಲು ಕೂತವರು ತಲೆಗೊಂದು ಗುಂಡಿ ಒತ್ತಬೇಕೆಂದು ಕಲಿಸುತ್ತಿದ್ದ. ಒಂದು ಮನೆ ನೋಡಿದರೆ ಸಾವಿರಾರು ಮನೆ ನೋಡಿದಂತೆ. ಮುಂಬಯಿಯ ಗಣಿತದ ಕೈ ಬಲು ದೊಡ್ಡದು.

ಅಂಥದೊಂದು ಪೆಟ್ಟಿಗೆ ಮಿಲ್ಲಿನಲ್ಲಿ ದುಡಿಯುವ ಮರಿಯವ್ವನ ಮನೆಯಲ್ಲಿತ್ತು. ಎಂಟು ರವಿವಾರಗಳಿಂದ ಅದು ಒಂದೇ ಮಾತು ಹೇಳುತ್ತಿತ್ತು: ಸಂಜೆ ಆರೂವರೆ, ಕಾರು ರೇಸು, ಹದಿನಾಲ್ಕು ಜನ, ಎಲ್ಲರೂ ಹೆಂಗಸರು. ರೇಸಿಲ್ಲದ ರವಿವಾರ ಹಳೆಯ ರೇಸಿನ ಮರುಪ್ರಸಾರ. ಮುಂಬಯಿಯವರು ಹಿಗ್ಗಿದರು. ‘ಗ್ರಾಮೀಣ ಮಹಿಳೆಯ ಹೊಸ ವೇಗ’ ಎಂದು ವರದಿ ಬರೆದರು. ಸ್ಕೂಟಿ ಕಂಪನಿಯೊಂದು ಜಾಹೀರಾತು ಕೊಡಲು ತುದಿಗಾಲಲ್ಲಿ ನಿಂತಿತು. ಆಮೇಲೆ ಯಾರಿಗೋ ಅನುಮಾನ ಬಂತು. ಕೆಟ್ಟದ್ದು ಪೆಟ್ಟಿಗೆಯೋ, ಈಶಪ್ಪನೋ? ಕಣ್ಣಾರೆ ನೋಡಿ ಬಾ, ಮೋಸವಿದ್ದರೆ ನೌಕರಿ ಮರೆತುಬಿಡು ಎಂದರು.

ರವಿವಾರ ಸಂಜೆ ಓಣಿಗೆ ಕಾಲಿಟ್ಟಾಗಲೇ ರೇಸಿನ ಸದ್ದು ಎದೆಗೆ ಗುದ್ದಿತು. ಮರಿಯವ್ವನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದ್ದು ಮಿಲ್ಲಿನ ಮುಕಾದಮ ಗವಿಸಿದ್ದಪ್ಪನದು. ಕೂಲಿಯವರನ್ನು ಕರೆಯುವವನೂ ಓಡಿಸುವವನೂ ಅವನೇ. ಕಟ್ಟೆಯ ಮೇಲೆ ಕೂತು ಅಡಿಕೆ ಅಗಿಯುತ್ತಿದ್ದ.

“ಇಷ್ಟ್ ಸಪ್ಪಳಾ! ನಿಮಗ ತ್ರಾಸ ಆಗಂಗಿಲ್ಲೇನ್ರಿ?” ಈಶಪ್ಪ ಕೇಳಿದ.

“ಆಗತೈತಿ. ಆದ್ರ ಛಲೋನೂ ಆಗೈತಿ. ಟೀವಿ ನೋಡೋ ಹೆಣಮಕ್ಕಳು ಬ್ಯಾರೆ ಮಾತಾಡಂಗಿಲ್ಲ.”

ಒಳಗೆ ಹದಿನಾಲ್ಕು ಜನ ನಿಜಕ್ಕೂ ಇದ್ದರು. ಈಶಪ್ಪನ ಜೀವ ತಣ್ಣಗಾಯಿತು. ತಲೆಗೆ ತಲೆ ತಾಗಿಸಿ ದುಂಡಗೆ ಕೂತಿದ್ದರು. ಅರ್ಧ ಜನರ ಬೆನ್ನು ಟೀವಿಗೆ. ಹುಚ್ಚು ಅಭಿಮಾನಿಗಳು ಹೀಗೇ, ನೋಡುವುದಕ್ಕಿಂತ ಚರ್ಚೆಯೇ ಹೆಚ್ಚು ಎಂದುಕೊಂಡ. ನಡುವೆ ದುರ್ಗಾ ಎಂಬ ಹುಡುಗಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದಳು.

“ಏನ್ ಬರಿಯಾಕತ್ತೀಯವಾ?” ಈಶಪ್ಪ ಕೂಗಿಯೇ ಕೇಳಬೇಕಾಯಿತು.

“ಮುಂದ ಯಾರದಾರ, ಹಿಂದ ಯಾರ್ ಉಳದಾರ ಅಂತ್ರಿ,” ಎಂದಳು ದುರ್ಗಾ.

ಅವನು ಮರಿಯವ್ವನ ಕಡೆ ತಿರುಗಿದ. “ಧಾರಾವಾಹಿ ಬಿಟ್ಟು ಇದನ್ಯಾಕ್ ಹಚ್ತೀರಿ ಯವ್ವಾ?”

“ಧಾರಾವಾಹ್ಯಾಗ ನಡುನಡುವ ಸುಮ್ಮ ಆಗ್ತಾರಪಾ. ಇದು ಎರಡ್ ತಾಸು ಉಸರ ಬಿಡಂಗಿಲ್ಲ.”

“ಗುಂಡಿನೂ ಒಬ್ಬರೂ ತಪ್ಪಸಂಗಿಲ್ಲಲ್ಲ!”

“ಎಲ್ಲೆರ ಒಂದ್ ಕಡೆ ನಮ್ಮ ಹಾಜರಿ ಬೀಳ್ಲಿ ಅಂತ.”

ಹದಿನಾಲ್ಕೂ ಜನ ನಕ್ಕರು. ತಿಳಿಯದಿದ್ದರೂ ಈಶಪ್ಪ ನಕ್ಕ.

‘ದಿನವಿಡೀ ಯಂತ್ರದ ಮುಂದೆ ದುಡಿಯುವ ಮಹಿಳೆಗೆ ಯಂತ್ರದ ಸದ್ದೇ ಸಂಗೀತ’ ಎಂದು ವರದಿ ಕಳಿಸಿದ. ಆ ಸಾಲು ಮುಂಬಯಿಯಲ್ಲಿ ದಪ್ಪ ಅಕ್ಷರವಾಗಿ ಗೋಡೆಗೇರಿತು. ಮಿಲ್ಲಿನ ಪುಸ್ತಕದಲ್ಲಿ ಒಬ್ಬರೂ ಇಲ್ಲದ ಹದಿನಾಲ್ಕು ಜನ ಮುಂಬಯಿಯ ಪುಸ್ತಕದಲ್ಲಿ ಲಕ್ಷ ಜನರಾದರು. ಸ್ಕೂಟಿ ಕಂಪನಿ ಮುಂದಿನ ರವಿವಾರದ ರೇಸನ್ನು, ವರ್ಷದಲ್ಲೇ ದೊಡ್ಡದನ್ನು, ಜಾಹೀರಾತಿನಿಂದ ತುಂಬಿಸಿತು.

ಆ ರವಿವಾರ ಆರೂವರೆ. ಮರಿಯವ್ವನ ಪೆಟ್ಟಿಗೆ: ಸೊನ್ನೆ. ಆರೂ ಮುಕ್ಕಾಲು: ಸೊನ್ನೆ. ಮುಂಬಯಿಯಿಂದ ಫೋನು ಬಂತು. “ಈಗಿಂದೀಗ ಹೋಗಿ ಟೀವಿ ಹಾಕಿಸು. ಇಲ್ಲವೆ ನಾಳೆಯಿಂದ ಬರಬೇಡ.”

ಈಶಪ್ಪ ಬೈಕು ಹಾರಿಸಿದ. ಅಂದು ನಿಜವಾದ ರೇಸು ಓಡಿದವನು ಅವನೊಬ್ಬನೇ. ಓಣಿ ತಲುಪಿದಾಗ ಹತ್ತು ಸುತ್ತು ಬಾಕಿ ಇದ್ದವು.

ಎಂಜಿನ್ನಿನ ಸದ್ದಿಲ್ಲ. ಕಟ್ಟೆಯ ಮೇಲೆ ಗವಿಸಿದ್ದಪ್ಪನಿಲ್ಲ; ಅವನ ಮನೆಯ ಕಿಟಕಿ ಅರೆತೆರೆದಿತ್ತು. ಮರಿಯವ್ವನ ಮನೆಯಲ್ಲಿ ಹದಿನಾಲ್ಕಲ್ಲ, ಅಂಗಳ ಹಿಡಿಸದಷ್ಟು ಹೆಂಗಸರು. ಟೀವಿ ಕಪ್ಪಗೆ ಕೂತಿತ್ತು. ದುರ್ಗಾ ನೋಟ್‌ಬುಕ್ಕಿನಿಂದ ಒಂದೊಂದೇ ಹೆಸರು ಕೂಗುತ್ತಿದ್ದಳು. “ಹಾಜರ್!” ಎಂದು ಗಂಟಲು ಹರಿಯುವಂತೆ ಉತ್ತರ ಬರುತ್ತಿತ್ತು.

“ಕಾವೇರಿ!”

ಒಂದು ಬಲಗೈ ಮೇಲೆದ್ದಿತು. ಅದರಲ್ಲಿ ಎರಡೇ ಬೆರಳು.

“ಇಕಿ ಹೆಸರು ಪುಸ್ತಕಕ್ಕ ಏರೂತನಕ,” ದುರ್ಗಾ ಕೂಗಿದಳು, “ನಾಳಿಂದ ಮಿಲ್ಲಿನ ಬಾಗಲಾ ಯಾರೂ ತುಳಿಯಂಗಿಲ್ಲ!”

ಈಶಪ್ಪನ ಕಿವಿಗೆ ಅದೊಂದೂ ಬೀಳಲಿಲ್ಲ. ಗಡಿಯಾರ ನೋಡಿದ, ರಿಮೋಟ್ ಎತ್ತಿ ಮರಿಯವ್ವನ ಮುಂದೆ ಹಿಡಿದ. “ಯವ್ವಾ, ನಿನ್ನ ಕಾಲ್ ಹಿಡೀತೇನಿ, ಟೀವಿ ಹಚ್ಚು. ನನ್ನ ನೌಕರಿ ಹೊಕ್ಕೈತಿ!”

ಮರಿಯವ್ವ ಗವಿಸಿದ್ದಪ್ಪನ ಪಕ್ಕದ ಗೋಡೆಯನ್ನೊಮ್ಮೆ ನೋಡಿ ಹೇಳಿದಳು: “ಹಚ್ಚಂಗಿಲ್ಲಪಾ. ಇಷ್ಟ್ ದಿನ ಈ ಗ್ವಾಡಿಗೆ ಕೇಳಬಾರದಿತ್ತು. ಇವತ್ತ ಕೇಳಬೇಕು.”